ತಲೆ ಎಣಿಸುವ ಮೊದಲು ಗೆರೆ ಎಳೆಯಬೇಕು

2011ರಲ್ಲಿ ಚೆನ್ನೈ ನಗರದ ಜನಸಂಖ್ಯೆ ಎಷ್ಟಿತ್ತು? ಜನಗಣತಿಯ ಪುಸ್ತಕ ತೆರೆದರೆ 46,46,732 ಎಂದಿದೆ. ಅಲ್ಲಿನ ಮಹಾನಗರ ಪಾಲಿಕೆಯನ್ನು ಕೇಳಿದರೆ ಅದೇ ವರ್ಷಕ್ಕೆ ಸುಮಾರು 67 ಲಕ್ಷ ಅನ್ನುತ್ತಾರೆ. ಸುತ್ತಲಿನ ಊರುಗಳನ್ನೂ ಸೇರಿಸಿದ ನಗರ ಸಮೂಹದ ಲೆಕ್ಕ 86 ಲಕ್ಷ ದಾಟುತ್ತದೆ. ಮೂರಕ್ಕೂ ಮೂಲ ಒಂದೇ ಗಣತಿ, ಮೂರೂ ನಿಜ. ಬೇರೆಯಾಗಿರುವುದು ಜನರ ಸುತ್ತ ಎಳೆದ ಗೆರೆ ಮಾತ್ರ.

2011ರ ಫೆಬ್ರುವರಿಯಲ್ಲಿ ಗಣತಿದಾರರು ಮನೆಮನೆಗೆ ಹೋದಾಗ ಚೆನ್ನೈ ಪಾಲಿಕೆ 174 ಚದರ ಕಿಲೋಮೀಟರಿನ, 155 ವಾರ್ಡುಗಳ ಹಳೆಯ ನಗರವಾಗಿತ್ತು. ಅದೇ ಅಕ್ಟೋಬರಿನಲ್ಲಿ 9 ಪುರಸಭೆ, 8 ಪಟ್ಟಣ ಪಂಚಾಯಿತಿ, 25 ಗ್ರಾಮ ಪಂಚಾಯಿತಿಗಳು ಸೇರಿಕೊಂಡು ಅದು 426 ಚದರ ಕಿಲೋಮೀಟರಿಗೆ, 200 ವಾರ್ಡುಗಳಿಗೆ ಹಿಗ್ಗಿತು. ಕಂದಾಯ ಇಲಾಖೆಯ ಚೆನ್ನೈ ಜಿಲ್ಲೆ ಮಾತ್ರ ಹಳೆಯ ಅಳತೆಯಲ್ಲೇ ಇದ್ದು, ಪಾಲಿಕೆಯ ಗಡಿಗೆ ಬಂದು ಕೂಡಿಕೊಂಡದ್ದು 2018ರಲ್ಲಿ. ಏಳು ವರ್ಷ ನಗರ ಒಂದು ಕಡೆ, ಜಿಲ್ಲೆ ಇನ್ನೊಂದು ಕಡೆ.

ಇದರಿಂದ ಆಗುವ ಎಡವಟ್ಟು ಸಣ್ಣದಲ್ಲ. 2001ರಿಂದ 2011ರ ನಡುವೆ ಚೆನ್ನೈ ಜಿಲ್ಲೆಯ ಜನಸಂಖ್ಯೆ ಬೆಳೆದದ್ದು ಬರೀ ಶೇ. 7. ಪಕ್ಕದ ಕಾಂಚೀಪುರಂ ಜಿಲ್ಲೆಯಲ್ಲಿ ಶೇ. 39ರ ಹತ್ತಿರ, ತಿರುವಳ್ಳೂರಿನಲ್ಲಿ ಶೇ. 35. ಅಂಕಿಯನ್ನಷ್ಟೇ ನೋಡಿದವರು ಚೆನ್ನೈ ಬೆಳೆಯುವುದನ್ನು ನಿಲ್ಲಿಸಿತು ಎಂದುಕೊಳ್ಳಬಹುದು. ಅಸಲಿಗೆ ಬೆಳೆದದ್ದೆಲ್ಲ ಗೆರೆಯ ಆಚೆ: ಅಂಬತ್ತೂರು, ಪೋರೂರು, ಮಡಿಪಾಕ್ಕಂ, ಶೋಳಿಂಗನಲ್ಲೂರಿನಲ್ಲಿ. ಆಗ ಪೆರುಂಗುಡಿಯ ಸಾಫ್ಟ್‌ವೇರ್ ಕಂಪನಿಗೆ ಸೇರಿ ಅಲ್ಲೇ ಪಕ್ಕದಲ್ಲಿ ಬಾಡಿಗೆಗಿದ್ದ ಧಾರವಾಡದ ಹುಡುಗ ‘ಮಾತೃಭಾಷೆ ಕನ್ನಡ’ ಎಂದು ಬರೆಸಿದ್ದರೆ, ಜಿಲ್ಲಾವಾರು ಕೋಷ್ಟಕದಲ್ಲಿ ಅವನು ಕಾಂಚೀಪುರಂ ಜಿಲ್ಲೆಯ ಕನ್ನಡಿಗ. ‘ಚೆನ್ನೈಯಲ್ಲಿ ಕನ್ನಡಿಗರೆಷ್ಟು’ ಎಂದು ಆ ಕೋಷ್ಟಕ ಹಿಡಿದು ಭಾಷಣ ಮಾಡುವವರು ಗಡಿಯನ್ನೂ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಹಾಗಾಗಿ ಜನಗಣತಿಯ ಕೆಲಸ ಶುರುವಾಗುವುದು ಪ್ರಶ್ನೆಪಟ್ಟಿಯಿಂದಲ್ಲ, ಗಡಿಯಿಂದ. ಜನಗಣತಿ ನಿಯಮಗಳು, 1990ರ ಪ್ರಕಾರ ಕೇಂದ್ರ ಒಂದು ದಿನಾಂಕ ಗೊತ್ತುಮಾಡುತ್ತದೆ. ಅಲ್ಲಿಂದ ಗಣತಿ ಮುಗಿಯುವ ತನಕ ರಾಜ್ಯ ಸರ್ಕಾರಗಳು ಹೊಸ ಜಿಲ್ಲೆ, ತಾಲ್ಲೂಕು ಮಾಡುವಂತಿಲ್ಲ, ಊರನ್ನು ಪಟ್ಟಣಕ್ಕೆ ಸೇರಿಸುವಂತಿಲ್ಲ, ವಾರ್ಡಿನ ಗಡಿ ಮುಟ್ಟುವಂತಿಲ್ಲ. 2027ರ ಗಣತಿಗೆ ಈ ನಿರ್ಬಂಧ 2026ರ ಜನವರಿ 1ರಿಂದ 2027ರ ಮಾರ್ಚ್ 31ರವರೆಗೆ. ಮೊದಲು ಗೊತ್ತಾಗಿದ್ದ ದಿನ 2019ರ ಡಿಸೆಂಬರ್ 31. ಕೋವಿಡ್ ಬಂದು ಗಣತಿ ಮುಂದಕ್ಕೆ ಹೋಯಿತು, ಗಡುವೂ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಸರ್ಕಾರಗಳು ಆ ಬಿಡುವನ್ನು ವ್ಯರ್ಥ ಮಾಡಲಿಲ್ಲ. 2021ರಲ್ಲಿ ತಾಂಬರಂ ಪಾಲಿಕೆಯಾಯಿತು. ಅದೇ ವರ್ಷ ನಮ್ಮಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಯಿತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಬೆಂಗಳೂರಿಗೆ ಐದು ಪಾಲಿಕೆಗಳು ಬಂದವು. 198 ವಾರ್ಡುಗಳಿದ್ದ ಕಡೆ 369 ಆದವು. 2019ರ ನವೆಂಬರಿನಲ್ಲೇ ಕಾಂಚೀಪುರಂ ಒಡೆದು ಚೆಂಗಲ್ಪಟ್ಟು ಜಿಲ್ಲೆಯಾಗಿತ್ತು. 2011ರ ನಕ್ಷೆಗಳನ್ನು ಕಪಾಟಿನಿಂದ ತೆಗೆದು ಹಾಗೇ ಬಳಸಲು ಬರುವುದಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಗಡಿ ನಿಂತ ಮೇಲೆ ಪಟ್ಟಿಯ ಕೆಲಸ. ಹಿಂದಿನ ಗಣತಿಯ ನಂತರ ಯಾವ ಊರು ಎಲ್ಲಿಗೆ ಹೋಯಿತು, ಯಾವುದು ಎರಡಾಯಿತು, ಯಾವುದು ಪಟ್ಟಣದೊಳಗೆ ಕರಗಿತು ಎಂಬುದನ್ನು ಸರ್ಕಾರಿ ಅಧಿಸೂಚನೆಗಳ ಸಮೇತ ಗಣತಿ ನಿರ್ದೇಶನಾಲಯಕ್ಕೆ ಒಪ್ಪಿಸಬೇಕು. ಯಾರೂ ವಾಸವಿಲ್ಲದ ಬೇಚರಾಕ್ ಗ್ರಾಮಗಳನ್ನೂ ಬಿಡುವ ಹಾಗಿಲ್ಲ. ಜನರಿಲ್ಲದಿದ್ದರೂ ನೆಲವಿದೆ, ಅದು ಯಾವುದಾದರೂ ಗೆರೆಯೊಳಗೆ ಬರಲೇಬೇಕು. ಆಮೇಲೆ ಪ್ರತಿಯೊಂದಕ್ಕೂ ಸಂಕೇತ ಸಂಖ್ಯೆ. ರಾಜ್ಯಗಳಲ್ಲಿ ತಮಿಳುನಾಡು 33, ಕರ್ನಾಟಕ 29. ಅಂಗಡಿ ಬಿಲ್ಲಿನ ಮೇಲಿರುವ ಜಿಎಸ್‌ಟಿ ಸಂಖ್ಯೆಯ ಮೊದಲೆರಡು ಅಂಕಿ ನೋಡಿ, ಇದೇ ಸಂಖ್ಯೆ. ತೆರಿಗೆಯವರು ಅದನ್ನು ತೆಗೆದುಕೊಂಡದ್ದು ಜನಗಣತಿಯಿಂದ. 2011ರಲ್ಲಿ ಚೆನ್ನೈ ಜಿಲ್ಲೆಗೆ 603 ಎಂಬ ಸಂಖ್ಯೆ ಇತ್ತು. ಹಳ್ಳಿಗಳಿಗೆ ಆರಂಕಿಯ ಸಂಖ್ಯೆ. ಒಂದೇ ಹೆಸರಿನ ಹತ್ತು ಹೊಸಹಳ್ಳಿಗಳಿರುವ ದೇಶದಲ್ಲಿ ಹೆಸರನ್ನು ನಂಬಿ ಲೆಕ್ಕ ಮಾಡುವುದು ಸಾಧ್ಯವಿಲ್ಲ.

ಹಳ್ಳಿ ಯಾವುದು, ಪಟ್ಟಣ ಯಾವುದು ಎಂಬುದೂ ಎಣಿಕೆಗೆ ಮೊದಲೇ ತೀರ್ಮಾನವಾಗಬೇಕು. ಪುರಸಭೆ, ಪಾಲಿಕೆ, ಕಂಟೋನ್ಮೆಂಟ್ ಇದ್ದರೆ ಅದು ಕಾನೂನಿನಂತೆಯೇ ಪಟ್ಟಣ. ಗ್ರಾಮ ಪಂಚಾಯಿತಿಯೇ ಇದ್ದರೂ 5,000 ಜನ, ಚದರ ಕಿಲೋಮೀಟರಿಗೆ 400ರ ಸಾಂದ್ರತೆ, ದುಡಿಯುವ ಗಂಡಸರಲ್ಲಿ ಮುಕ್ಕಾಲು ಪಾಲು ಬೇಸಾಯದ ಹೊರಗೆ, ಈ ಮೂರೂ ಕೂಡಿದರೆ ಅದು ‘ಗಣತಿ ಪಟ್ಟಣ’. ಪಂಚಾಯಿತಿಯೇ ಆಳುತ್ತದೆ, ಆದರೆ ಲೆಕ್ಕ ನಗರದ ಖಾತೆಗೆ. ತಮಾಷೆಯೆಂದರೆ ಈ ಪಟ್ಟಿ ಸಿದ್ಧವಾಗುವುದು ಹಿಂದಿನ ಗಣತಿಯ ಅಂಕಿಗಳಿಂದ. 2011ರ ಪಟ್ಟಿಗೆ 2001ರಲ್ಲಿ 4,000 ಜನರಿದ್ದ ಊರುಗಳನ್ನು, ಹತ್ತು ವರ್ಷದಲ್ಲಿ 5,000 ಆದಾವು ಎಂಬ ಅಂದಾಜಿನ ಮೇಲೆ ಸೇರಿಸಿಕೊಂಡರು. ಆ ಸಲ ದೇಶದಲ್ಲಿ ಗಣತಿ ಪಟ್ಟಣಗಳು 1,362ರಿಂದ ಸುಮಾರು 3,900ಕ್ಕೆ ಜಿಗಿದವು. ತಮಿಳುನಾಡಿನಲ್ಲಿ 376, ಕರ್ನಾಟಕದಲ್ಲಿ 127.

ಇನ್ನು ನಗರದೊಳಕ್ಕೆ ಬರೋಣ. ವಾರ್ಡನ್ನು ಒಬ್ಬ ಗಣತಿದಾರ ಸುತ್ತಿ ಮುಗಿಸುವಷ್ಟು ತುಂಡುಗಳಾಗಿ ಮಾಡಬೇಕು. ಇದೇ ಮನೆಪಟ್ಟಿ ಬ್ಲಾಕ್. ಹೆಚ್ಚುಕಡಿಮೆ 700–800 ಜನ. ಆರು ಗಣತಿದಾರರಿಗೆ ಒಬ್ಬ ಮೇಲ್ವಿಚಾರಕ. ಹಿಗ್ಗಿದ ಚೆನ್ನೈಗೆ 2011ರ 67 ಲಕ್ಷವನ್ನೇ ಹಿಡಿದರೂ ಸುಮಾರು 9,000 ಬ್ಲಾಕ್ ಬೇಕು, ಅಂದರೆ ವಾರ್ಡಿಗೆ 45ರಷ್ಟು. ಇಷ್ಟು ತುಂಡುಗಳಲ್ಲಿ ಒಂದರ ಮೇಲೊಂದು ಹತ್ತಬಾರದು, ಎರಡರ ನಡುವೆ ಸಂದು ಬಿಡಬಾರದು. ಮೊದಲನೆಯದಾದರೆ ಒಂದೇ ಮನೆಗೆ ಇಬ್ಬರು ಹೋಗುತ್ತಾರೆ. ಎರಡನೆಯದಾದರೆ ಯಾರೂ ಹೋಗುವುದಿಲ್ಲ, ಮತ್ತು ಅದು ಯಾರ ಗಮನಕ್ಕೂ ಬರುವುದಿಲ್ಲ. ಎರಡರಲ್ಲಿ ಕೆಟ್ಟದ್ದು ಸಂದು.

ಆದ್ದರಿಂದ ಬ್ಲಾಕಿನ ಗಡಿ ಕಣ್ಣಿಗೆ ಕಾಣುವ, ನಾಳೆ ಬದಲಾಗದ ಗುರುತಿನ ಮೇಲೆ ಹೋಗಬೇಕು: ರಸ್ತೆ, ರೈಲು ಹಳಿ, ಕಾಲುವೆ. ಚೆನ್ನೈಗೆ ಇದರಲ್ಲಿ ಬಡತನವಿಲ್ಲ. ಕೂವಂ, ಅಡ್ಯಾರ್ ನದಿಗಳಿವೆ, ಉದ್ದಕ್ಕೂ ಬಕಿಂಗ್‌ಹ್ಯಾಮ್ ಕಾಲುವೆ ಇದೆ. ‘ಮುರುಗನ್ ಟೀ ಅಂಗಡಿಯಿಂದ ಬೇವಿನ ಮರದ ತನಕ’ ಎಂದು ಬರೆದರೆ ಕೆಲಸ ಕೆಟ್ಟಿತು. ನಮ್ಮ ಕ್ರಯಪತ್ರದಲ್ಲಿ ಚಕ್ಕುಬಂದಿ ಬರೆಯುವಂತೆ ಉತ್ತರಕ್ಕೆ ಏನು, ದಕ್ಷಿಣಕ್ಕೆ ಏನು ಎಂದು ನಾಲ್ಕೂ ದಿಕ್ಕು ಬರೆದಿಡುವುದು ಪದ್ಧತಿ. ಒಬ್ಬ ಅಧಿಕಾರಿಯ ಹೊಣೆಗೆ ಬಿಟ್ಟ ಗಣತಿ ಪ್ರದೇಶಕ್ಕೆ ‘ಚಾರ್ಜ್’ ಎಂದು ಹೆಸರು; ಅದರ ಬ್ಲಾಕುಗಳೆಲ್ಲ ದಾಖಲಾಗುವ ಪುಸ್ತಕ ಚಾರ್ಜ್ ರಿಜಿಸ್ಟರ್. ಹಳ್ಳಿಗಾಡಿನಲ್ಲಿ ಅದರ ಜವಾಬ್ದಾರಿ ಸಾಮಾನ್ಯವಾಗಿ ತಹಶೀಲ್ದಾರರದು, ನಗರದಲ್ಲಿ ಪಾಲಿಕೆಯ ಅಧಿಕಾರಿಗಳದು.

ಬ್ಲಾಕ್ ಕೈಗೆ ಬಂದ ಗಣತಿದಾರ ಅದರ ನಕ್ಷೆಯನ್ನು ತಾನೇ ಬರೆಯುತ್ತಿದ್ದ. ಪಾಲಿಕೆ ಶಾಲೆಯ ಒಬ್ಬ ಮೇಡಂ ಮೈಲಾಪುರದ ಗಲ್ಲಿಯ ಬಾಯಲ್ಲಿ ರಟ್ಟಿನ ಮೇಲೆ ಹಾಳೆಯಿಟ್ಟುಕೊಂಡು ನಿಂತಿದ್ದಾರೆ ಎಂದುಕೊಳ್ಳಿ. ಮೊದಲು ರಸ್ತೆ, ಓಣಿ, ಗುಡಿ, ಬೋರ್‌ವೆಲ್. ಆಮೇಲೆ ಕಟ್ಟಡಗಳು: ಪಕ್ಕಾ ಕಟ್ಟಡಕ್ಕೆ ಚೌಕ, ಕಚ್ಚಾ ಕಟ್ಟಡಕ್ಕೆ ತ್ರಿಕೋನ, ಯಾರೂ ವಾಸವಿಲ್ಲದ ಅಂಗಡಿ, ಗೋದಾಮಾದರೆ ಆಕೃತಿಯೊಳಗೆ ಗೆರೆ ತುಂಬುವುದು. ವಾಯವ್ಯ ಮೂಲೆಯಿಂದ ನಂಬರು ಹಾಕಲು ತೊಡಗಿ ಆಗ್ನೇಯಕ್ಕೆ ಬಂದು ಮುಟ್ಟಬೇಕು, ನಡೆದ ದಾರಿಗೆ ಬಾಣದ ಗುರುತು. ಹನ್ನೆರಡನೇ ಕಟ್ಟಡದಲ್ಲಿ ಮೂರು ಬಾಗಿಲಿದ್ದರೆ 12(1), 12(2), 12(3). ಇಲ್ಲಿ ‘ಮನೆ’ ಅಂದರೆ ಬೀದಿಗೋ ಅಂಗಳಕ್ಕೋ ಮೆಟ್ಟಿಲಿಗೋ ತೆರೆಯುವ ಪ್ರತ್ಯೇಕ ಮುಂಬಾಗಿಲು ಇರುವ ಜಾಗ. ‘ಕುಟುಂಬ’ ಅಂದರೆ ಒಂದೇ ಅಡುಗೆಯಲ್ಲಿ ಉಣ್ಣುವವರು.

ಬಾಗಿಲ ಮೇಲೆ ಪಾಲಿಕೆಯ ನಂಬರು ಇರುವಾಗ ಇದೆಲ್ಲ ಯಾಕೆ ಎನ್ನಬಹುದು. ಚೆನ್ನೈಯಲ್ಲಿ ವಿಳಾಸ ಹುಡುಕಿದವರು ಹೀಗೆ ಕೇಳುವುದಿಲ್ಲ. ಅಲ್ಲಿನ ಮದುವೆ ಪತ್ರಿಕೆಯಲ್ಲೂ ‘ಹಳೇ ನಂ. 14, ಹೊಸ ನಂ. 27’ ಎಂದು ಎರಡೆರಡು ನಂಬರು. ಒಂದು ಬೀದಿಯಲ್ಲಿ ಪಕ್ಕದ ಮನೆಯವರು ಹಳೆಯದನ್ನೇ ಹಿಡಿದಿರುತ್ತಾರೆ, ಎದುರಿನವರು ಹೊಸದನ್ನು. ಗಣತಿಗೆ ಬೇಕಾದದ್ದು ತೆರಿಗೆಗಾಗಿ ಕೊಟ್ಟ ನಂಬರಲ್ಲ, ನಡೆದ ಕಾಲಿನ ಕ್ರಮದಲ್ಲಿ ಬಂದ ನಂಬರು.

ಈ ಕೈನಕ್ಷೆಗೆ ಅಳತೆಯ ಹಂಗಿಲ್ಲ. ಒಂದು ಸೆಂಟಿಮೀಟರಿಗೆ ಇಷ್ಟು ಮೀಟರ್ ಎಂಬ ಲೆಕ್ಕವೇ ಇಲ್ಲ. ಭಾರತವನ್ನು ತ್ರಿಕೋನಗಳಲ್ಲಿ ಅಳೆಯುವ ಮಹಾ ಸರ್ವೇಗೆ ವಿಲಿಯಂ ಲ್ಯಾಂಬ್ಟನ್ 1802ರ ಏಪ್ರಿಲ್ 10ರಂದು ಉಕ್ಕಿನ ಸರಪಳಿ ಹಾಸಿದ್ದು ಇದೇ ಊರಿನಲ್ಲಿ, ಸೇಂಟ್ ಥಾಮಸ್ ಮೌಂಟಿನಿಂದ ಪೆರುಂಬಾಕ್ಕಂ ಗುಡ್ಡದ ಕಡೆಗೆ, ಸುಮಾರು 12 ಕಿಲೋಮೀಟರ್ ಉದ್ದಕ್ಕೆ. ಅವನಿಗೆ ಅಂಗುಲದ ಚಿಂತೆ. ಜನಗಣತಿಯ ಮೇಡಂಗೆ ಆ ಚಿಂತೆ ಇಲ್ಲ, ಯಾವ ಬಾಗಿಲೂ ಬಿಟ್ಟುಹೋಗದಿದ್ದರೆ ಸರಿ.

ಅದೇ ಪೆರುಂಬಾಕ್ಕಂ ಈಗ ಗಣತಿಯವರಿಗೆ ಬೇರೆ ತರಹದ ಕೆಲಸ ಕೊಡುತ್ತದೆ. ನಗರಗಳಲ್ಲಿ ಕೊಳೆಗೇರಿಗಳಿಗೆ ಪ್ರತ್ಯೇಕ ಬ್ಲಾಕ್ ಮಾಡುತ್ತಾರೆ. ಸರ್ಕಾರ ಘೋಷಿಸಿದವು, ಮಾನ್ಯ ಮಾಡಿದವು ಅಲ್ಲದೆ, ಕನಿಷ್ಠ 300 ಜನ ಅಥವಾ 60–70 ಕುಟುಂಬಗಳು ಇಕ್ಕಟ್ಟಿನ ಮನೆಗಳಲ್ಲಿರುವ ಜಾಗವನ್ನು ಗಣತಿಯವರೇ ಗುರುತಿಸಬಹುದು. 2011ರಲ್ಲಿ ಚೆನ್ನೈಯ ಕಾಲು ಭಾಗಕ್ಕೂ ಹೆಚ್ಚು ಜನ ಇಂಥ ಬ್ಲಾಕುಗಳಲ್ಲಿದ್ದರು, ಹಲವರು ನದಿ, ಕಾಲುವೆಗಳ ದಂಡೆಯಲ್ಲಿ. 2015ರ ಡಿಸೆಂಬರಿನ ಪ್ರವಾಹದ ನಂತರ ದಂಡೆಯ ಸಾವಿರಾರು ಕುಟುಂಬಗಳನ್ನು ಪೆರುಂಬಾಕ್ಕಂನ ಬಹುಮಹಡಿ ವಸತಿಗೆ ಸಾಗಿಸಿದರು. ಅದು ಪಾಲಿಕೆಯ ಹೊರಗಿನ ಊರು, ಈಗ ಚೆಂಗಲ್ಪಟ್ಟು ಜಿಲ್ಲೆ. ಹಳೆಯ ನಕ್ಷೆಯಲ್ಲಿ ತುಂಬಿ ತುಳುಕುತ್ತಿದ್ದ ಬ್ಲಾಕ್ ಇಂದು ಖಾಲಿ ದಂಡೆ. ಇತ್ತ ಒಂದು ಕಟ್ಟಡಕ್ಕೇ ಒಬ್ಬ ಗಣತಿದಾರ ಸಾಲದೆ ಹೋಗಬಹುದು. ಅಂಥ ಕಡೆ ಬ್ಲಾಕಿನ ಗೆರೆ ನೆಲದ ಮೇಲೆ ಹೋಗುವುದಿಲ್ಲ, ಕಟ್ಟಡದೊಳಗೆ ಮಹಡಿಗಳ ಮಧ್ಯೆ ಹೋಗುತ್ತದೆ.

ಸೇನೆಯ ನೆಲೆಗಳಿಗೆ ವಿಶೇಷ ಚಾರ್ಜ್ ಇದೆ, ಹೊರಗಿನ ಗಣತಿದಾರ ಒಳಗೆ ಹೋಗುವುದಿಲ್ಲ. ಮನೆಯೇ ಇಲ್ಲದವರ ಎಣಿಕೆ ಕೊನೆಯ ರಾತ್ರಿ, ಫೆಬ್ರುವರಿ 28ರಂದು. ಸೆಂಟ್ರಲ್ ಸ್ಟೇಷನ್ನಿನ ಹೊರಗಿನ ಕಾಲುದಾರಿಯೂ ಯಾವುದೋ ಒಂದು ಬ್ಲಾಕಿಗೆ ಸೇರಿರಬೇಕು ಎಂಬ ಹಟ ಇರುವುದು ಇವರಿಗಾಗಿ.

ಈ ಸಲ ಬಹುಪಾಲು ಕೆಲಸ ಕಂಪ್ಯೂಟರಿನಲ್ಲಿ. ‘ಹೌಸ್‌ಲಿಸ್ಟಿಂಗ್ ಬ್ಲಾಕ್ ಕ್ರಿಯೇಟರ್’ ಎಂಬ ತಂತ್ರಾಂಶದಲ್ಲಿ ಚಾರ್ಜ್ ಅಧಿಕಾರಿಗಳು ಪರದೆಯ ನಕ್ಷೆಯ ಮೇಲೆಯೇ ಬ್ಲಾಕುಗಳನ್ನು ಮಾಡುತ್ತಾರೆ. ಗಣತಿದಾರ ಮೊಬೈಲ್ ಹಿಡಿದು ಹೋಗುತ್ತಾನೆ, ಕಟ್ಟಡದ ಜಾಗ ಅದರಲ್ಲೇ ಗುರುತಾಗುತ್ತದೆ. ಬ್ಲಾಕುಗಳ ನಡುವಿನ ಸಂದು ಪರದೆಯ ಮೇಲೆ ಬೇಗ ಕಣ್ಣಿಗೆ ಬೀಳುತ್ತದೆ, ಅದು ದೊಡ್ಡ ಲಾಭ. ಆದರೆ ಮೇಲಿನಿಂದ ತೆಗೆದ ಚಿತ್ರಕ್ಕೆ ಕಾಣುವುದು ಮಾಡು. ತಾರಸಿಯ ಮೇಲಿನ ಬಾಡಿಗೆ ಕೋಣೆಗೆ ಬೇರೆ ಮೆಟ್ಟಿಲಿದೆಯೋ, ಒಳಗೆ ಎರಡು ಒಲೆಗಳಿವೆಯೋ ಎಂದು ತಿಳಿಯಲು ಮೆಟ್ಟಿಲು ಹತ್ತಲೇಬೇಕು.

ಗೆರೆ ಎಲ್ಲಿ ಬೀಳುತ್ತದೆ ಎಂಬುದರ ಬೆಲೆ ಕನ್ನಡಿಗರಿಗೆ ಹೊಸದಾಗಿ ಹೇಳಬೇಕಿಲ್ಲ. ದಕ್ಷಿಣ ಕನ್ನಡ 1951ರ ಗಣತಿಯ ತನಕ ಮದ್ರಾಸಿನ ಪುಸ್ತಕದಲ್ಲೇ ಇತ್ತು, ಕಾಸರಗೋಡು ಅದರ ಒಂದು ತಾಲ್ಲೂಕು. ರಾಜ್ಯ ಪುನರ್ವಿಂಗಡಣೆಯಲ್ಲಿ ಆ ಇಡೀ ತಾಲ್ಲೂಕನ್ನು ಒಂದು ಘಟಕವೆಂದು ಹಿಡಿದು ಭಾಷೆಯ ಅಂಕಿ ನೋಡಿದರು. 1956ರಲ್ಲಿ ಅದು ಕೇರಳಕ್ಕೆ ಹೋಯಿತು. 1967ರ ಮಹಾಜನ ವರದಿ ಚಂದ್ರಗಿರಿ ಹೊಳೆಯನ್ನು ಗೆರೆಯಾಗಿ ಹಿಡಿದು, ಅದರ ಉತ್ತರದ ಭಾಗ ಕರ್ನಾಟಕಕ್ಕೆ ಬರಬೇಕೆಂದಿತು. ಜನ ಅವರೇ, ಮಾತೂ ಅದೇ. ಗೆರೆ ತಾಲ್ಲೂಕಿನ ಅಂಚಿನಲ್ಲೋ ಹೊಳೆಯಲ್ಲೋ ಎಂಬುದರ ಮೇಲೆ ಉತ್ತರ ಬೇರೆಯಾಯಿತು.

ಬ್ಲಾಕು ಚಿಕ್ಕದಾಗಿರುವುದರ ಉಪಯೋಗ ಕಾಣುವುದು ಇಂಥಲ್ಲೇ. ಎಣಿಕೆ ಮುಗಿದ ಮೇಲೆ ಗಡಿ ಬದಲಾದರೂ ಬ್ಲಾಕುಗಳನ್ನು ಹೊಸದಾಗಿ ಕೂಡಿಸಿಕೊಳ್ಳಬಹುದು. ಚೆನ್ನೈಗೆ 42 ಸ್ಥಳೀಯ ಸಂಸ್ಥೆಗಳು ಇಡಿಯಾಗಿ ಬಂದು ಸೇರಿದ್ದರಿಂದ 67 ಲಕ್ಷದ ಲೆಕ್ಕ ಸಲೀಸಾಗಿ ಸಿಕ್ಕಿತು. ಬೆಂಗಳೂರಿನ 369 ಹೊಸ ವಾರ್ಡುಗಳಿಗೂ ಆಧಾರ 2011ರ ಜನಸಂಖ್ಯೆಯೇ, ಆದರೆ ಅಲ್ಲಿ ಹಳೆಯ ವಾರ್ಡುಗಳು ಒಡೆದಿವೆ. ಹೊಸ ಗೆರೆ ಹಳೆಯ ಬ್ಲಾಕಿನ ಅಂಚಿನಲ್ಲೇ ಹೋದ ಕಡೆ ಕೂಡಿಸಿದರೆ ಆಯಿತು; ಬ್ಲಾಕಿನ ನಡುವೆ ಹಾದ ಕಡೆ ಅಂದಾಜೇ ಗತಿ.