ಕಡಲೆಯ ಪಾಲು ಮನೆಗೂ ಇರಲಿ

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ದಕ್ಷಿಣ ಸೋಲಾಪುರ ತಾಲೂಕಿನ ಕಂದಲಗಾಂವದಿಂದ ಹಿಡಿದು ಅಕ್ಕಲಕೋಟೆಯ ಸೀಮೆಯವರೆಗೆ ಈಗ ಈ ಗಾದೆಗೆ ಇನ್ನೊಂದು ಮಾತನ್ನು ಸೇರಿಸಬೇಕಾಗಿದೆ. ಹಲ್ಲೂ ಇವೆ, ಹೊಲದಲ್ಲಿ ಕಡಲೆಯೂ ಇದೆ; ಆದರೆ ಎಷ್ಟೋ ಮನೆಗಳಲ್ಲಿ ರಾಶಿಯಾದ ವಾರದೊಳಗೆ ಕಾಳೆಲ್ಲ ಚೀಲ ತುಂಬಿ ಪೇಟೆಗೆ ಹೋಗುತ್ತದೆ. ಮುಂದೆ ಹೋಳಿಗೆಗೆ ಬೇಳೆ, ಝುಣಕಕ್ಕೆ ಹಿಟ್ಟು ಬೇಕಾದಾಗ ಒಕ್ಕಲಿಗನೇ ಅಂಗಡಿಯ ಮುಂದೆ ನಿಲ್ಲುತ್ತಾನೆ. ತಾನು ಮಾರಿದ ಕಾಳನ್ನೇ ಒಡೆಸಿದ ಕೂಲಿ, ಬೀಸಿದ ಕೂಲಿ, ಚೀಟಿ ಹಚ್ಚಿದ ಕೂಲಿ ಎಲ್ಲವನ್ನೂ ಕೊಟ್ಟು ಮರಳಿ ತರುತ್ತಾನೆ.

ಅಡಿಗೆಯ ಮಾತು ಒಕ್ಕಲುತನದ ಪುಟದಲ್ಲಿ ಏಕೆ ಎಂದು ಓದುಗರು ಕೇಳಬಹುದು. ಒಲೆಯ ಮೇಲೆ ಬೆಲೆಯಿಲ್ಲದ ಬೆಳೆ ಹೊಲದಲ್ಲಿಯೂ ಬಹಳ ದಿನ ನಿಲ್ಲುವುದಿಲ್ಲ ಎಂಬುದೇ ನಮ್ಮ ಉತ್ತರ. ನಮ್ಮ ಸೀಮೆಯಿಂದ ನವಣೆ, ಬರಗು ಮೊದಲಾದವು ಹಿಂದೆ ಸರಿದದ್ದು ಹೀಗೆಯೇ. 1980ರಲ್ಲಿ ಉಜನಿ ಆಣೆಕಟ್ಟು ಮುಗಿದ ಮೇಲೆ ನೀರು ಬಂದಲ್ಲೆಲ್ಲ ಕಬ್ಬು ಬಂದಿದೆ. ನೀರು ಬಾರದ ಎರೆಹೊಲಕ್ಕೆ ಹಿಂಗಾರಿ ಜೋಳ ಮತ್ತು ಕಡಲೆ ಇವೆರಡೇ ಆಧಾರ. ಆದ್ದರಿಂದ ಕಡಲೆಯ ರುಚಿಯನ್ನು ಮರೆಯುವುದು ನಮಗೆ ಸಣ್ಣ ನಷ್ಟವಲ್ಲ.

ಹೊಲದಿಂದಲೇ ಆರಂಭವಾಗುವ ಊಟ

ಬೇರೆ ಕಾಳುಗಳು ರಾಶಿಯಾದ ಮೇಲೆ ಊಟಕ್ಕೆ ಬರುತ್ತವೆ. ಕಡಲೆ ಹಾಗಲ್ಲ. ಬಿತ್ತಿ ತಿಂಗಳಾಗುವುದರೊಳಗೆ ಅದರ ಕುಡಿ ಪಲ್ಯಕ್ಕೆ ಬರುತ್ತದೆ. ಹೆಣ್ಣುಮಕ್ಕಳು ಹೊಲಕ್ಕೆ ಹೋಗಿ ಮೇಲಿನ ಎಳೆಯ ತುದಿಗಳನ್ನು ಚಿವುಟಿ ಉಡಿಯಲ್ಲಿ ತುಂಬಿಕೊಂಡು ಬರುವ ರೂಢಿ ಬೆಳೆಗೂ ಹಿತವಾದದ್ದೆಂದು ಕೃಷಿ ತಜ್ಞರೂ ಒಪ್ಪಿದ್ದಾರೆ. ಬಿತ್ತಿದ 30 ರಿಂದ 35 ದಿವಸಗಳಲ್ಲಿ ಕುಡಿ ಚಿವುಟಿದರೆ ಗಿಡವು ಎತ್ತರಕ್ಕೆ ಹೋಗದೆ ಬಗಲು ಟೊಂಗೆಗಳನ್ನು ಒಡೆಯುತ್ತದೆ. ಟೊಂಗೆ ಹೆಚ್ಚಿದರೆ ಹೂವು, ಕಾಯಿ ಹೆಚ್ಚು. ಹೂವು ಕಾಣಿಸಿದ ಮೇಲೆ ಮಾತ್ರ ಚಿವುಟಬಾರದು. ಔಷಧ ಹೊಡೆದ ಹೊಲದ ಸೊಪ್ಪನ್ನು ಪಲ್ಯಕ್ಕೆ ತರಲೂ ಬಾರದು. ಹೆಚ್ಚಾದ ಸೊಪ್ಪನ್ನು ನೆರಳಲ್ಲಿ ಒಣಗಿಸಿ ಗಡಿಗೆಯಲ್ಲಿಟ್ಟರೆ ಕಾಯಿಪಲ್ಲೆ ಸಿಗದ ಬೇಸಗೆಯಲ್ಲಿ ಬೇಳೆಯೊಡನೆ ಕುದಿಸಲು ಬರುತ್ತದೆ.

ಈ ಸೊಪ್ಪಿಗೆ ಹುಳಿ ಬಂದದ್ದೆಲ್ಲಿಂದ? ಕಡಲೆಯ ಎಲೆಯ ಮೇಲಿನ ಸಣ್ಣ ಕೂದಲುಗಳು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಎಂಬ ಎರಡು ಆಮ್ಲಗಳನ್ನು ಸ್ರವಿಸುತ್ತವೆ. ನಮ್ಮ ಹಿರಿಯರು ಇಬ್ಬನಿ ಬೀಳುವ ರಾತ್ರಿ ಬೆಳೆಯ ಮೇಲೆ ತೆಳುವಾದ ಬಿಳಿಯ ಅರಿವೆ ಹಾಸಿ, ನಸುಕಿನಲ್ಲಿ ಹಿಂಡಿ, ಆ ಹುಳಿಯನ್ನು ಸೀಸೆಯಲ್ಲಿ ತುಂಬಿಡುತ್ತಿದ್ದರು. ಸಾರಿಗೂ ಅದೇ, ಹೊಟ್ಟೆಯುಬ್ಬರಕ್ಕೂ ಅದೇ. ಮೂತ್ರದಲ್ಲಿ ಹರಳಿನ ತೊಂದರೆ ಉಳ್ಳವರು ಮಾತ್ರ ಇದರಿಂದ ದೂರವಿರುವುದು ಲೇಸು. ಆಕ್ಸಾಲಿಕ್ ಆಮ್ಲ ಅವರಿಗೆ ಒಗ್ಗದು.

ಮುಂದೆ ಎಳ್ಳಮಾವಾಸ್ಯೆ. ಹೊಲದಲ್ಲಿ ಕಣಿಕೆಯ ಕೊಂಪೆ ಕಟ್ಟಿ, ಪೂಜೆ ಮಾಡಿ, ಚರಗ ಚೆಲ್ಲಿ, ಉಣ್ಣಲು ಕುಳಿತಾಗ ಭಜ್ಜಿಯ ಗಡಿಗೆಯನ್ನು ನೆನೆಯದ ಒಕ್ಕಲಿಗನಿಲ್ಲ. ಎಳೆಯ ಕಡಲೆ, ತೊಗರಿ, ಅವರೆ, ಹತ್ತು ಬಗೆಯ ಸೊಪ್ಪು, ಇವನ್ನೆಲ್ಲ ಒಂದುಗೂಡಿಸುವುದು ಕಡಲೆ ಹಿಟ್ಟೇ. ಕಾಯಿ ತುಂಬಿದಾಗ ಸುಲಗಾಯಿಯ ಕಾಲ. ಗಿಡಗಳನ್ನು ಕಿತ್ತು ಒಣ ಕಸದ ಉರಿಯಲ್ಲಿ ಸುಟ್ಟು, ಬೂದಿಯೊಳಗಿಂದ ಹೆಕ್ಕಿ, ಅಂಗೈಯಲ್ಲಿ ತಿಕ್ಕಿ, ಊದಿ ಬಾಯಿಗೆ ಹಾಕಿಕೊಳ್ಳುವುದು. ಕೈ ಕಪ್ಪು, ತುಟಿ ಕಪ್ಪು, ಮೂಗಿನ ತುದಿಯೂ ಕಪ್ಪು. ಬೇರೂರಿಗೆ ಓದಲು ಹೋದವರು, ಪುಣೆ ಮುಂಬಯಿಗಳಲ್ಲಿ ನೌಕರಿಗಿರುವವರು ಊರನ್ನು ನೆನೆಸಿಕೊಂಡಾಗ ಮೊದಲು ಮೂಗಿಗೆ ಬರುವುದು ಈ ಹೊಗೆಯ ವಾಸನೆಯೇ.

ರಾಶಿಯಾದ ಮೇಲಿನ ಅಡಿಗೆಗಳನ್ನು ಎಣಿಸುವುದೇ ಬೇಡ. ಇಡಿಯ ಕಾಳಿನ ಗುಗ್ಗರಿ, ಉಸುಳಿ, ಬೇಳೆಯಿಂದ ಹೂರಣದ ಹೋಳಿಗೆ, ಬಸಿದ ನೀರಿನಿಂದ ಕಟ್ಟಿನ ಸಾರು, ಹಿಟ್ಟಿನಿಂದ ಝುಣಕ, ಬೇಸನ ಉಂಡಿ, ಹುರಿದರೆ ಪುಟಾಣಿ. ಇವುಗಳಲ್ಲಿ ಝುಣಕದ ಯೋಗ್ಯತೆಯನ್ನು ಸರಕಾರವೂ ಮನಗಂಡಿತ್ತು. ಮಹಾರಾಷ್ಟ್ರ ಸರಕಾರ 1995ರಲ್ಲಿ ಬಡವರಿಗಾಗಿ ಒಂದು ರೂಪಾಯಿಗೆ ಝುಣಕ-ಭಾಕರಿ ಕೊಡುವ ಕೇಂದ್ರಗಳನ್ನು ತೆರೆಯಿತು. ಕೇಂದ್ರಗಳು ಕೆಲವು ವರ್ಷಗಳಲ್ಲಿ ನಿಂತುಹೋದವು. ಆದರೆ ಅಗ್ಗದಲ್ಲಿ ಹೊಟ್ಟೆ ತುಂಬಿಸಲು ಆರಿಸಿದ್ದು ನಮ್ಮ ಜೋಳದ ರೊಟ್ಟಿ ಮತ್ತು ಕಡಲೆ ಹಿಟ್ಟನ್ನೇ ಎಂಬುದು ನೆನಪಿಡತಕ್ಕ ಸಂಗತಿ.

ಹಮ್ಮಸ್ ಎಂಬ ದೂರದ ನೆಂಟ

ಈಗ ಪಟ್ಟಣದ ಅಂಗಡಿಗಳಲ್ಲಿ ಹಮ್ಮಸ್ ಎಂಬ ತಿನಿಸು ಸಣ್ಣ ಡಬ್ಬಿಗಳಲ್ಲಿ ದೊಡ್ಡ ಬೆಲೆಗೆ ಮಾರಾಟವಾಗುತ್ತಿದೆ. ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗಿ ಬಂದವರು ಇದರ ರುಚಿ ಬಲ್ಲರು. ಹೆಸರು ಹೊಸದಾದರೂ ವಸ್ತು ಹೊಸದಲ್ಲ. ಅರಬ್ಬೀ ಭಾಷೆಯಲ್ಲಿ ಹಮ್ಮಸ್ ಎಂದರೆ ಕಡಲೆ ಎಂದೇ ಅರ್ಥ. ಬೇಯಿಸಿದ ಕಡಲೆಯನ್ನು ಎಳ್ಳಿನ ಅರೆಪು, ನಿಂಬೆಯ ಹುಳಿ, ಬೆಳ್ಳುಳ್ಳಿಗಳೊಡನೆ ನುಣ್ಣಗೆ ಅರೆದದ್ದೇ ಹಮ್ಮಸ್. ರೊಟ್ಟಿಯ ತುಂಡಿನಿಂದ ಬಳಿದು ತಿನ್ನುತ್ತಾರೆ. ಕಡಲೆಯೂ ನಮ್ಮದು, ಎಳ್ಳೂ ನಮ್ಮದು, ರೊಟ್ಟಿಯಿಂದ ಬಳಿದು ತಿನ್ನುವ ರೀತಿಯೂ ನಮ್ಮದೇ!

ಕಡಲೆಯ ತವರೂ ಆ ಕಡೆಯದೇ. ಅದರ ಹತ್ತಿರದ ಕಾಡು ಬಳಗ ಇಂದಿಗೂ ಆಗ್ನೇಯ ತುರ್ಕಸ್ಥಾನದ ಬೆಟ್ಟಗಳಲ್ಲಿ ಬೆಳೆಯುತ್ತದೆ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಹೊರಟ ಕಾಳು ಭಾರತಕ್ಕೆ ಬಂದು ಎಷ್ಟು ಬೇರೂರಿತೆಂದರೆ, ಇಂದು ಜಗತ್ತಿನ ಕಡಲೆಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನಮ್ಮ ದೇಶದಲ್ಲಿಯೇ ಬೆಳೆಯುತ್ತದೆ. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಕಡಲೆ ಮೊದಲಾದ ಕಾಳುಗಳ ಹಿಟ್ಟಿನ ತಿನಿಸುಗಳ ವರ್ಣನೆಯಿದೆ. ಆ ಕಲ್ಯಾಣ ನಮ್ಮ ಅಕ್ಕಲಕೋಟೆಗೆ ಬಹಳ ದೂರದ್ದಲ್ಲ.

ಹಮ್ಮಸ್ಸಿನ ಬಗ್ಗೆ ಆ ನಾಡುಗಳ ಅಭಿಮಾನ ಎಂಥದೆಂಬುದಕ್ಕೆ ಒಂದು ಸಂಗತಿ ಹೇಳುತ್ತೇವೆ. ಇದು ತಮ್ಮ ತಿನಿಸೆಂದು ಲೆಬನಾನದವರೂ ಇಸ್ರೇಲದವರೂ ವಾದಕ್ಕೆ ಬಿದ್ದರು. 2010ರ ಜನವರಿಯಲ್ಲಿ ಇಸ್ರೇಲದ ಅಬೂ ಘೋಷ್ ಎಂಬ ಅರಬ್ಬೀ ಊರಿನಲ್ಲಿ ಸುಮಾರು ನಾಲ್ಕು ಸಾವಿರ ಕಿಲೋ ಹಮ್ಮಸ್ ಒಂದೇ ಪಾತ್ರೆಯಲ್ಲಿ ಮಾಡಿ ದಾಖಲೆ ಸ್ಥಾಪಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ಲೆಬನಾನದ ಅಡಿಗೆಯವರು 10,452 ಕಿಲೋ ಮಾಡಿ ಅದನ್ನು ಮೀರಿಸಿದರು. ಆ ಅಂಕಿಯನ್ನೇ ಏಕೆ ಆರಿಸಿದರು? ಲೆಬನಾನ ದೇಶದ ವಿಸ್ತೀರ್ಣ 10,452 ಚದರ ಕಿಲೋಮೀಟರು. ನಮ್ಮಲ್ಲಿ ಇಂಥ ಜಗಳ ಬೇಕಿಲ್ಲ. ಹೂರಣದ ಹೋಳಿಗೆ ಕನ್ನಡಿಗರದೋ ಪೂರಣಪೋಳಿ ಮರಾಠಿಗರದೋ ಎಂದು ಕಂದಲಗಾಂವದ ಓಣಿಯಲ್ಲಿ ಕೇಳಿದರೆ ಒಂದು ಹೋಳಿಗೆ ಕೈಗೆ ಬಂದೀತೇ ಹೊರತು ಉತ್ತರ ಬಾರದು. ಆದರೆ ತಮ್ಮ ಹೊಲದ ಕಾಳನ್ನು ತಮ್ಮ ಮಾನವೆಂದು ಬಗೆಯುವ ಆ ಜನರ ಬುದ್ಧಿಯಲ್ಲಿ ಸ್ವಲ್ಪ ನಮಗೂ ಬಂದರೆ ಒಳ್ಳೆಯದು.

ಜೋಳಕ್ಕೂ ಎಳ್ಳಿಗೂ ಕಡಲೆ ಏಕೆ ಜೋಡಿ?

ಕಡಲೆಯಲ್ಲಿ ನೂರಕ್ಕೆ ಸುಮಾರು 20 ಪಾಲು ಪ್ರೊಟೀನು ಇದೆ. ಜೋಳದಲ್ಲಿ ಸುಮಾರು 10. ಪ್ರೊಟೀನು ಎಂಬುದು ಹಲವು ಬಗೆಯ ಮಣಿಗಳನ್ನು ಪೋಣಿಸಿದ ಸರದಂತೆ. ಒಂದು ಬಗೆಯ ಮಣಿ ಕಡಿಮೆಯಾದರೂ ಮೈ ಉಳಿದವನ್ನು ಪೂರ್ತಿ ಬಳಸಲಾರದು. ಜೋಳದಲ್ಲಿ ಲೈಸಿನ್ ಎಂಬ ಮಣಿ ಕಡಿಮೆ. ಕಡಲೆಯಲ್ಲಿ ಅದು ಧಾರಾಳ. ಕಡಲೆಯಲ್ಲಿ ಮೆಥಿಯೋನಿನ್ ಕಡಿಮೆ; ಎಳ್ಳಿನಲ್ಲಿಯೂ ಜೋಳದಲ್ಲಿಯೂ ಅದು ಕಡಲೆಗಿಂತ ಹೆಚ್ಚು. ಹೀಗೆ ರೊಟ್ಟಿಗೆ ಝುಣಕ, ಹಮ್ಮಸ್ಸಿಗೆ ಎಳ್ಳು ಒಂದರ ಕೊರತೆಯನ್ನು ಮತ್ತೊಂದು ತುಂಬುತ್ತವೆ. ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಎಳೆಗಡಲೆ ಬಿದ್ದ ಪಲ್ಯ ಮಾಡುವ ನಮ್ಮ ತಾಯಂದಿರಿಗೆ ಈ ಹೆಸರುಗಳು ಗೊತ್ತಿರಲಿಲ್ಲ. ಜೋಡಿ ಮಾತ್ರ ಗೊತ್ತಿತ್ತು. ಬೆಳೆಯುವ ಮಕ್ಕಳಿಗೂ ಬಸುರಿ ಬಾಣಂತಿಯರಿಗೂ ಈ ಊಟ ಬಹಳ ಉಪಯುಕ್ತ.

ಮನೆಯಲ್ಲಿ ಹಮ್ಮಸ್ ಮಾಡುವ ಬಗೆ

ಒಂದು ಬಟ್ಟಲು ಕಡಲೆಯನ್ನು ರಾತ್ರಿ ನೀರಲ್ಲಿ ನೆನೆಯಿಡಬೇಕು. ಮುಂಜಾನೆ ಆ ನೀರನ್ನು ಚೆಲ್ಲಿ, ಹೊಸ ನೀರು ಹಾಕಿ, ಬೆರಳಲ್ಲಿ ಒತ್ತಿದರೆ ಬೆಣ್ಣೆಯಾಗುವ ತನಕ ಬೇಯಿಸಬೇಕು. ನಮ್ಮ ಕಡೆಯ ಕೊಳವೆಬಾವಿಗಳ ನೀರು ಬಹಳ ಕಡೆ ಗಡಸು. ಆ ನೀರಿನ ಸುಣ್ಣದಂಶ ಕಾಳಿನ ಸಿಪ್ಪೆಯನ್ನು ಬಿಗಿಗೊಳಿಸುವುದರಿಂದ ಕಡಲೆ ಬೇಗ ಬೇಯುವುದಿಲ್ಲ. ಚಿಟಿಕೆ ಅಡಿಗೆ ಸೋಡಾ ಹಾಕಿದರೆ ಸಿಪ್ಪೆ ಮೆತ್ತಗಾಗುತ್ತದೆ. ನಮ್ಮ ಸಣ್ಣ ಕೆಂಪು ಕಡಲೆಗೆ ಸಿಪ್ಪೆ ದಪ್ಪ; ಬೆಂದ ಮೇಲೆ ತಿಕ್ಕಿ ತೆಗೆಯಬೇಕು, ಇಲ್ಲವೇ ಕಾಳಿನ ಬದಲು ಕಡಲೆ ಬೇಳೆಯನ್ನೇ ಬಳಸಬಹುದು. ಕಾಬೂಲಿ ಕಡಲೆಯಾದರೆ ಈ ತೊಂದರೆಯಿಲ್ಲ.

ನಾಲ್ಕು ಚಮಚ ಬಿಳಿಯ ಎಳ್ಳನ್ನು ಕೆಂಪಾಗದಂತೆ ಬೆಚ್ಚಗೆ ಹುರಿದು, ಸ್ವಲ್ಪ ಎಣ್ಣೆಯೊಡನೆ ಮೊದಲು ಅರೆಯಬೇಕು. ಆಮೇಲೆ ಬಿಸಿಯಾಗಿರುವಾಗಲೇ ಕಡಲೆ, ಎರಡು ಮೂರು ಎಸಳು ಬೆಳ್ಳುಳ್ಳಿ, ಒಂದು ನಿಂಬೆಯ ರಸ, ಉಪ್ಪು ಸೇರಿಸಿ, ಬೇಯಿಸಿದ ನೀರನ್ನು ಚೂರು ಚೂರೇ ಹಾಕುತ್ತ ನುಣ್ಣಗೆ ಮಾಡಬೇಕು. ಅವರು ಮೇಲೆ ಆಲಿವ್ ಎಣ್ಣೆ ಸುರಿಯುತ್ತಾರೆ. ನಮಗೆ ಗಾಣದ ಕುಸುಬಿ ಎಣ್ಣೆ ಇದ್ದರೆ ಅದಕ್ಕಿಂತ ಬೇರೆ ಬೇಡ. ಮೇಲೆ ಚಿಟಿಕೆ ಖಾರಪುಡಿ. ಬಿಸಿ ಜೋಳದ ರೊಟ್ಟಿಗೆ ಹಚ್ಚಿ ಕೊಟ್ಟರೆ ಝುಣಕ ಬೇಸರವಾದ ಮಕ್ಕಳೂ ತಿನ್ನುವರು. ಅಂದು ಮಾಡಿದ್ದನ್ನು ಅಂದೇ ತೀರಿಸಬೇಕು.

ಎಷ್ಟು ಇಡಬೇಕು, ಹೇಗೆ ಇಡಬೇಕು?

ಐದು ಜನರ ಮನೆಗೆ ಆಳಿಗೆ ದಿನಕ್ಕೆ 30 ಗ್ರಾಮು ಹಿಡಿದರೆ ದಿನಕ್ಕೆ 150 ಗ್ರಾಮು, ವರ್ಷಕ್ಕೆ ಸುಮಾರು 55 ಕಿಲೋ ಆಯಿತು. ಎಕರೆಗೆ ನಾಲ್ಕು ಕ್ವಿಂಟಲು ಬಂದಿದೆ ಎಂದಿಟ್ಟುಕೊಂಡರೆ ಒಂದೇ ಎಕರೆಯ ರಾಶಿಯಲ್ಲಿ ಏಳನೆಯ ಒಂದು ಪಾಲು. ಉಳಿದ ಆರು ಪಾಲು ಮಾರಿರಿ, ಸಾಲ ತೀರಿಸಿರಿ. ಈ ಒಂದು ಪಾಲನ್ನು ಮಾತ್ರ ಕಣದಲ್ಲಿಯೇ ಬೇರೆ ತೆಗೆದಿಡಿರಿ. ಮನೆಗೆ ಬಂದ ಮೇಲೆ ತೆಗೆದಿಡುತ್ತೇವೆಂದರೆ ಅದು ಉಳಿಯುವುದಿಲ್ಲ.

ಕಾಳು ಹಲ್ಲಿಗೆ ಕಟ್ಟೆಂದು ಒಡೆಯುವಷ್ಟು ಬಿಸಿಲಿಗೆ ಒಣಗಬೇಕು. ಹಸಿ ಉಳಿದ ಕಾಳಿಗೆ ನುಸಿ ಬೇಗ ಬೀಳುತ್ತದೆ. ಒಣಗಿದ ಮೇಲೆ ಆರಿಸಿ, ಕಿಲೋಗೆ ಒಂದು ಸಣ್ಣ ಚಮಚದಷ್ಟು ಅಡಿಗೆ ಎಣ್ಣೆ ಸವರಿ, ಗಾಳಿಯಾಡದ ಡಬ್ಬಿಯಲ್ಲಿ ತುಂಬಬೇಕು. ಅರ್ಧವನ್ನು ಬೇಳೆ ಒಡೆಸಿಟ್ಟರೆ ಇನ್ನೂ ಒಳ್ಳೆಯದು. ಬೇಳೆಗೆ ಹುಳ ಬೀಳುವುದು ಇಡಿಯ ಕಾಳಿಗಿಂತ ಕಡಿಮೆ. ಹಿಟ್ಟನ್ನು ಬೇಕಾದಾಗ ಬೇಕಾದಷ್ಟೇ ಬೀಸಿಸಿಕೊಳ್ಳತಕ್ಕದ್ದು. ವರ್ಷಗಟ್ಟಲೆ ಹಳೆಯದಾದ ಕಾಳು ಎಷ್ಟು ಬೇಯಿಸಿದರೂ ಮೆತ್ತಗಾಗದೆ ನಿಜವಾಗಿಯೂ ಕಬ್ಬಿಣದ ಕಡಲೆಯಾಗುತ್ತದೆ. ಆದ್ದರಿಂದ ಈ ವರ್ಷದ್ದನ್ನು ಮುಂದಿನ ರಾಶಿಯೊಳಗೆ ಉಂಡು ಮುಗಿಸಬೇಕು.

ಕೊನೆಗೆ ಒಂದು ಮಾತು. ಗಡಿಯಾಚೆಯ ನಮ್ಮ ಮಕ್ಕಳು ಶಾಲೆಯಲ್ಲಿಯೂ ಪೇಟೆಯಲ್ಲಿಯೂ ಹರಭರಾ ಎಂದು ಕಲಿಯುತ್ತಾರೆ. ಕಲಿಯಲಿ, ಅದೂ ನಮ್ಮ ನೆರೆಯವರ ಒಳ್ಳೆಯ ಮಾತೇ. ಆದರೆ ಸುಲಗಾಯಿ, ಗುಗ್ಗರಿ, ಹೂರಣ, ಕಟ್ಟಿನ ಸಾರು, ಚರಗ ಎಂಬ ಮಾತುಗಳನ್ನು ಅವರಿಗೆ ಯಾವ ಪುಸ್ತಕವೂ ಕಲಿಸಲಾರದು. ಅವನ್ನು ಕಲಿಸುವುದು ಹೊಲದ ಬದುವು ಮತ್ತು ಅಡಿಗೆಯ ಮನೆ. ಅಂಗಡಿಯ ಹಿಟ್ಟಿನ ಚೀಲದ ಮೇಲೆ ಈ ಮಾತುಗಳು ಇರುವುದಿಲ್ಲ. ಈ ಹಿಂಗಾರಿಯಲ್ಲಿ ಕಾಯಿ ತುಂಬಿದಾಗ ಮಕ್ಕಳನ್ನು ಒಂದು ದಿನ ಹೊಲಕ್ಕೆ ಕರೆದುಕೊಂಡು ಹೋಗಿರಿ. ಸುಲಗಾಯಿ ಸುಟ್ಟು ಕೊಡಿರಿ, ಹೆಸರೂ ಹೇಳಿ ಕೊಡಿರಿ. ರಾಶಿಯ ದಿನ ಮನೆಯ ಪಾಲನ್ನು ಅವರ ಕೈಯಿಂದಲೇ ಅಳೆಯಿಸಿರಿ.