ಹೊನ್ನೆಯ ಲೋಟವೂ ಸಕ್ಕರೆಯ ಲೆಕ್ಕವೂ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳಿಂದ ನಮ್ಮಲ್ಲಿಗೆ ಬರುವ ಸದ್ಭಕ್ತರಲ್ಲಿ ಅನೇಕರದು ಒಂದೇ ಪ್ರಶ್ನೆ: "ಡಾಕ್ಟ್ರೇ, ಗುಳಿಗೆ ಬಿಟ್ಟು ಬರೀ ಗಿಡಮೂಲಿಕೆಯಲ್ಲೇ ಸಕ್ಕರೆ ಕಾಯಿಲೆ ವಾಸಿಯಾಗುವುದಿಲ್ಲವೇ?" ಆಯುರ್ವೇದವನ್ನೇ ಕಾಯಕವಾಗಿ ನಂಬಿದ ನಾವು ಇದಕ್ಕೆ "ಆಗುತ್ತದೆ" ಎಂದು ಹೇಳುವುದಿಲ್ಲ. ಕಾರಣವನ್ನು ಇಲ್ಲಿ ವಿವರಿಸುತ್ತೇವೆ.

ಮೊದಲಿಗೆ ಹೊನ್ನೆಯನ್ನೇ ನೋಡೋಣ. ಅದರ ಮರದ ಲೋಟದಲ್ಲಿ ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಕುಡಿಯುವ ರೂಢಿ ಬಹಳ ಮನೆಗಳಲ್ಲಿದೆ. ಇದನ್ನೇ ವಿಜಯಸಾರವೆನ್ನುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1990ರ ದಶಕದಲ್ಲಿ, ಹೊಸದಾಗಿ ಕಾಯಿಲೆ ಪತ್ತೆಯಾದವರ ಮೇಲೆ ಇದನ್ನು ಪರೀಕ್ಷಿಸಿದಾಗ ಹೆಚ್ಚಿನವರಲ್ಲಿ ಸಕ್ಕರೆ ಹತೋಟಿಗೆ ಬಂದಿತು. ಆದರೆ ಅಲ್ಲಿ ಕೊಟ್ಟದ್ದು ತೂಕ ಮಾಡಿದ ಸಾರ, ಲೋಟದ ನೀರಲ್ಲ. ಲೋಟದಿಂದ ದಿನಕ್ಕೆ ಎಷ್ಟು ಸಾರ ಇಳಿಯಿತೆಂದು ಅಳೆಯುವವರಾರು?

ಮೆಂತ್ಯದಲ್ಲಿರುವ ಲೋಳೆಯಂಥ ನಾರು, ಉಂಡ ಅನ್ನದ ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನಗೊಳಿಸುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ದಿನಕ್ಕೆ 25 ಗ್ರಾಂ ಮೆಂತ್ಯ ಕೊಟ್ಟು ಪರೀಕ್ಷಿಸಿದ್ದರು. ನಾವು ನೆನೆಹಾಕುವ ಒಂದು ಚಮಚ ನಾಲ್ಕೈದು ಗ್ರಾಂ ಮಾತ್ರ. ಅದು ಹಿತಕರವೇ, ಆದರೆ 25 ಗ್ರಾಂ ಮಾಡುವ ಕೆಲಸವನ್ನು ಅದರಿಂದ ನಿರೀಕ್ಷಿಸಲಾಗದು. ಮಧುನಾಶಿನಿಯ ಎಲೆ ಅಗಿದ ಮೇಲೆ ಬಾಯಿಗೆ ಹಾಕಿದ ಸಕ್ಕರೆ ಮರಳಿನಂತಿರುತ್ತದೆ. ಅದರ ಜಿಮ್ನೆಮಿಕ್ ಆಮ್ಲಗಳು ನಾಲಗೆಯ ಸಿಹಿಯ ಅರಿವನ್ನು ಕೊಂಚ ಹೊತ್ತು ತಡೆಯುತ್ತವೆ. ನಾಲಗೆಯ ಮೇಲೆ ನಡೆದದ್ದು ರಕ್ತದಲ್ಲಿಯೂ ನಡೆಯಿತೆಂದು ಭಾವಿಸಬಾರದು.

ನೀವು ಸೇವಿಸುವ ಮೆಟ್‌ಫಾರ್ಮಿನ್ ಗುಳಿಗೆಯ ಮೂಲವೂ ಒಂದು ಗಿಡವೇ. ಯೂರೋಪಿನ ಗಲೇಗ ಎಂಬ ಮೂಲಿಕೆಯಲ್ಲಿ ಸಕ್ಕರೆಯನ್ನು ಇಳಿಸುವ ಗಲೇಜಿನ್ ಇತ್ತು, ಆದರೆ ಅದು ವಿಷಕಾರಿ. ಅದಕ್ಕೆ ಹತ್ತಿರದ ಸುರಕ್ಷಿತ ರೂಪವನ್ನು ಹುಡುಕಿ, ಪ್ರಮಾಣ ನಿಗದಿ ಮಾಡಿ, ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ 1957ರಲ್ಲಿ ಮಧುಮೇಹಿಗಳಲ್ಲಿ ಅದರ ಪರಿಣಾಮವನ್ನು ಪ್ರಕಟಿಸಿದರು. ಗಿಡದ ಗುಣ ಔಷಧವಾಗುವುದು ಅಳತೆಯಿಂದ.

ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ನ್ಯಾಮತಿ ಕಡೆಯ ತಾಯಿಯೊಬ್ಬರಿಗೆ ಮಧುನಾಶಿನಿ ಚೂರ್ಣ ಕೊಟ್ಟೆವು. ಬೇರೆ ವೈದ್ಯರು ಕೊಟ್ಟ ಯಾವ ಗುಳಿಗೆ ನಡೆಯುತ್ತಿದೆಯೆಂದು ಕೇಳಲಿಲ್ಲ. ವಾರದೊಳಗೆ ಅವರು ಬೆವೆತು, ನಡುಗಿ, ಅಂಗಳದಲ್ಲಿ ಕುಸಿದರು. ಸಕ್ಕರೆ 52ಕ್ಕೆ ಇಳಿದಿತ್ತು. ಮಗಳು ಬೆಲ್ಲದ ನೀರು ಕುಡಿಸಿದ್ದರಿಂದ ಪ್ರಾಣ ಉಳಿಯಿತು. ಮೂಲಿಕೆಯೂ ಗುಳಿಗೆಯೂ ಒಂದೇ ದಿಕ್ಕಿಗೆ ಎಳೆದಾಗ ಹೀಗಾಗುತ್ತದೆ. ಅಂದಿನಿಂದ ಗುಳಿಗೆಯ ಚೀಟಿ ನೋಡದೆ ನಾವು ಚೂರ್ಣ ಕಟ್ಟಿಕೊಡುವುದಿಲ್ಲ.

ಇದಕ್ಕೆ ವಿರುದ್ಧವಾದುದೂ ನಡೆದಿದೆ. ಹೊನ್ನಾಳಿ ಕಡೆಯ ರೈತರೊಬ್ಬರು ಹೊನ್ನೆಯ ಲೋಟವನ್ನೇ ನಂಬಿ ಗುಳಿಗೆ ಬಿಟ್ಟರು. ನಾಲ್ಕು ತಿಂಗಳ ನಂತರ ಬಂದಾಗ ಗದ್ದೆಯಲ್ಲಿ ಆದ ಗಾಯ ಕೊಳೆತು, ಕಾಲಿನ ಒಂದು ಬೆರಳು ಹೋಯಿತು.

ಆದುದರಿಂದ ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟು. ಮೆಂತ್ಯ, ಹಾಗಲಕಾಯಿಗಳನ್ನು ಆಹಾರವಾಗಿ ಧಾರಾಳವಾಗಿ ಬಳಸಿರಿ. ಚೂರ್ಣ, ಕಷಾಯಗಳನ್ನು ವೈದ್ಯರಿಗೆ ತಿಳಿಸಿಯೇ ಸೇವಿಸಿರಿ. ಗುಳಿಗೆಯನ್ನಾಗಲಿ ಇನ್ಸುಲಿನ್ನನ್ನಾಗಲಿ ನೀವಾಗಿಯೇ ನಿಲ್ಲಿಸಬೇಡಿರಿ. ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿರಿ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ತಡಮಾಡದೆ ಸಕ್ಕರೆ ಅಥವಾ ಬೆಲ್ಲದ ನೀರು ಕುಡಿಯಿರಿ. ಚನ್ನಗಿರಿಯ ಅನ್ನವಾಗಲಿ, ಜಗಳೂರಿನ ರಾಗಿಮುದ್ದೆಯಾಗಲಿ, ಪ್ರಮಾಣ ಮೀರಿದರೆ ಸಕ್ಕರೆ ಏರಿಸುವುದೇ.

ಸುಶ್ರುತಾಚಾರ್ಯರು ಪ್ರಮೇಹಿಗೆ ದೂರದ ನಡಿಗೆಯನ್ನೂ, ಬಾವಿ ತೋಡುವಂಥ ಶ್ರಮವನ್ನೂ ವಿಧಿಸಿದ್ದರು. ತೋಟ, ಗದ್ದೆಗಳ ಕಾಯಕವನ್ನು ಯಂತ್ರಕ್ಕೂ ಆಳಿಗೂ ಬಿಟ್ಟುಕೊಟ್ಟ ನಮಗೆ ಆ ಮಾತು ಇಂದು ಹೆಚ್ಚು ಸಲ್ಲುತ್ತದೆ. ಮೂಲಿಕೆ ಸಹಾಯಕ್ಕೆ ಬರಲಿ. ಲೆಕ್ಕ ಮಾತ್ರ ತಪ್ಪದಿರಲಿ.