ನಾಡಿ ಹೇಳುವುದೊಂದು, ಬಿಪಿ ಹೇಳುವುದೊಂದು

ಮನೆಯಲ್ಲಿ ಬಿಪಿ ನೋಡುವ ಯಂತ್ರದ ಪರದೆಯಲ್ಲಿ ಮೂರು ಅಂಕಿಗಳು ಮೂಡುತ್ತವೆ. ಮೊದಲೆರಡು ರಕ್ತದೊತ್ತಡ, ಮೂರನೆಯದು ನಾಡಿಬಡಿತ. ಒತ್ತಡ 160/100 ಇದ್ದರೂ ಕೆಳಗೆ 72 ಎಂದು ಕಂಡಾಗ ‘ನಾಡಿ ಸರಿಯಾಗಿದೆಯಲ್ಲ’ ಎಂದು ನಿಶ್ಚಿಂತರಾಗುವವರಿದ್ದಾರೆ. ಅಪಾಯ ಇರುವುದು ಆ ನಿಶ್ಚಿಂತೆಯಲ್ಲೇ.

ನಾಡಿ ಎಂದರೆ ಹೃದಯ ನಿಮಿಷಕ್ಕೆ ಎಷ್ಟು ಸಲ ಬಡಿಯಿತು ಎಂಬ ಲೆಕ್ಕ. ಆರೋಗ್ಯವಂತ ವಯಸ್ಕರಲ್ಲಿ, ವಿಶ್ರಾಂತಿಯಲ್ಲಿದ್ದಾಗ, ಸಾಮಾನ್ಯವಾಗಿ 60ರಿಂದ 100. ಒತ್ತಡ ಎಂದರೆ ರಕ್ತ ಅಪಧಮನಿಯ ಗೋಡೆಯನ್ನು ಎಷ್ಟು ಬಲವಾಗಿ ಒತ್ತುತ್ತಿದೆ ಎಂಬ ಅಳತೆ. ಪ್ರತಿ ಬಡಿತಕ್ಕೆ ಸುಮಾರು 70 ಮಿಲಿಲೀಟರಿನಂತೆ ಹೃದಯ ನಿಮಿಷಕ್ಕೆ ಐದು ಲೀಟರಿನಷ್ಟು ರಕ್ತ ತಳ್ಳುತ್ತದೆ. ಅಷ್ಟೇ ರಕ್ತ ಹಿಗ್ಗಿದ ನಾಳಗಳಲ್ಲಿ ಹರಿದರೆ ಒತ್ತಡ ಕಡಿಮೆ, ಬಿಗಿದ ನಾಳಗಳಲ್ಲಿ ಹರಿದರೆ ಹೆಚ್ಚು. ನಾಡಿ ಒಂದೇ ಇದ್ದರೂ ಒತ್ತಡ ಬೇರೆಯಾಗುವುದು ಹೀಗೆ.

ಬೆಟ್ಟದ ಮೆಟ್ಟಿಲು ಹತ್ತುವಾಗ ನಾಡಿ 70ರಿಂದ 140ಕ್ಕೆ ಏರಬಹುದು. ಒತ್ತಡ ಮಾತ್ರ ಇಮ್ಮಡಿಯಾಗುವುದಿಲ್ಲ. ಕಾಲಿನ ಸ್ನಾಯುಗಳ ನಾಳಗಳು ಹಿಗ್ಗಿ ದಾರಿ ಬಿಡುವುದರಿಂದ ಮೇಲಿನ ಅಂಕಿ ಒಂದಷ್ಟು ಏರುತ್ತದೆ, ಕೆಳಗಿನದು ಹೆಚ್ಚು ಕಡಿಮೆ ಇದ್ದಲ್ಲೇ ಇರುತ್ತದೆ.

ಕೆಲವೊಮ್ಮೆ ಎರಡೂ ವಿರುದ್ಧ ದಿಕ್ಕಿಗೆ ಸಾಗುತ್ತವೆ. ಇದನ್ನು 1859ರಲ್ಲೇ ಫ್ರಾನ್ಸಿನ ಶರೀರವಿಜ್ಞಾನಿ ಎಟಿಯೆನ್ ಜೂಲ್ ಮಾರೆ ಗುರುತಿಸಿದ್ದ. ಕುತ್ತಿಗೆಯ ಅಪಧಮನಿಯಲ್ಲೂ ಹೃದಯದಿಂದ ಹೊರಡುವ ಮಹಾಪಧಮನಿಯಲ್ಲೂ ಒತ್ತಡವನ್ನು ಗ್ರಹಿಸುವ ನರತುದಿಗಳಿವೆ. ರಕ್ತಸ್ರಾವದಿಂದಲೋ ವಾಂತಿಭೇದಿಯಿಂದಲೋ ಒತ್ತಡ ಕುಸಿಯತೊಡಗಿದರೆ ಅವು ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ಕೂಡಲೇ ಹೃದಯ ವೇಗವಾಗಿ ಬಡಿಯುತ್ತದೆ, ನಾಳಗಳು ಬಿಗಿಯುತ್ತವೆ. ಹೀಗಾಗಿ ಬಿಪಿ ಸರಿಯಾಗಿಯೇ ಕಾಣುವಾಗಲೂ ಓಡುವ ನಾಡಿ ಅಪಾಯದ ಮೊದಲ ಸುಳಿವಾಗಬಲ್ಲದು.

ಡೆಂಗಿಯಲ್ಲಿ ವೈದ್ಯರು ಇದನ್ನೇ ಕಾಯುತ್ತಾರೆ. ಜ್ವರ ಇಳಿಯುವ ಹೊತ್ತಿನಲ್ಲಿ ರಕ್ತದ ದ್ರವಾಂಶ ನಾಳಗಳಿಂದ ಸೋರಬಹುದು. ಆಗ ಮೇಲಿನ ಅಂಕಿ ಉಳಿದುಕೊಂಡರೂ ಕೆಳಗಿನದು ಏರಿ, ಎರಡರ ನಡುವಿನ ಅಂತರ 20ಕ್ಕೆ ಅಥವಾ ಅದಕ್ಕಿಂತ ಕೆಳಗೆ ಕುಗ್ಗುತ್ತದೆ. ನಾಡಿ ಕ್ಷೀಣವಾಗಿ ಓಡುತ್ತದೆ, ಕೈಕಾಲು ತಣ್ಣಗಾಗುತ್ತದೆ. ‘ಜ್ವರ ಬಿಟ್ಟಿತು’ ಎಂದು ಮನೆಯವರು ಉಸಿರುಬಿಡುವ ಹೊತ್ತಿಗೇ ರೋಗಿಗೆ ತುರ್ತು ಚಿಕಿತ್ಸೆ ಬೇಕಾಗಿರುತ್ತದೆ.

ಮಾತ್ರೆಗಳೂ ಈ ನಂಟನ್ನು ಬದಲಿಸುತ್ತವೆ. ಅಟೆನೊಲಾಲ್, ಮೆಟೊಪ್ರೊಲಾಲ್ ಒತ್ತಡದ ಜೊತೆ ನಾಡಿಯನ್ನೂ ಇಳಿಸುತ್ತವೆ. ಆಮ್ಲೊಡಿಪಿನ್ ಮುಖ್ಯವಾಗಿ ನಾಳಗಳನ್ನು ಹಿಗ್ಗಿಸುತ್ತದೆ. ಮೊದಲ ಬಗೆಯ ಮಾತ್ರೆ ನುಂಗುವವರಲ್ಲಿ ರಕ್ತಸ್ರಾವವಾದರೂ ನಾಡಿ ನಿರೀಕ್ಷಿಸಿದಷ್ಟು ಏರದಿರಬಹುದು. ಆದ್ದರಿಂದ ಐದು ನಿಮಿಷ ಸುಮ್ಮನೆ ಕುಳಿತು ಬಿಪಿ ನೋಡಿ, ಮೂರೂ ಅಂಕಿಗಳನ್ನು ಮಾತ್ರೆಯ ಹೆಸರಿನೊಂದಿಗೆ ಬರೆದಿಟ್ಟು ವೈದ್ಯರಿಗೆ ತೋರಿಸುವುದು ಒಳ್ಳೆಯದು.